ಮನೆ ಮತ್ತು ನೆಲ: ಕರ್ನಾಟಕದ ವಸತಿ ಸಹಾಯಧನದ ಒಂದು ವಿಚಾರ

ಬಡವರ ವಸತಿಗಾಗಿ ರಾಜ್ಯ ಸರ್ಕಾರವು ಹಣ ವೆಚ್ಚಮಾಡುತ್ತದೆಂಬುದು ಸರ್ವವಿದಿತ. ಆದರೆ ಆ ಹಣವು ಯಾರ ಕೈಯನ್ನು, ಯಾವ ನಿಯಮದಿಂದ ಸೇರುತ್ತದೆಂದು ವಿಚಾರಿಸಿದರೆ, ಮನೆಯ ಪ್ರಶ್ನೆಯು ಮೂಲತಃ ನೆಲದ ಪ್ರಶ್ನೆಯೆಂಬುದು ಗೋಚರವಾಗುತ್ತದೆ. ಈ ಸಂಗತಿಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುತ್ತೇವೆ.

1962ರ ಅಧಿನಿಯಮಕ್ಕೆ ಒಳಪಟ್ಟ ಗೃಹಮಂಡಳಿಯು ತಾನೇ ನೆಲವನ್ನು ಪಡೆದು, ಬಡಾವಣೆಯನ್ನು ರಚಿಸಿ, ನಿವೇಶನವನ್ನಾಗಲಿ ಮನೆಯನ್ನಾಗಲಿ ಕ್ರಯಕ್ಕೆ ಕೊಡುವ ಪದ್ಧತಿಯನ್ನು ಅನುಸರಿಸಿತು. ಕ್ರಯವನ್ನು ತೆರಬಲ್ಲ ಪಟ್ಟಣವಾಸಿಗಳಿಗೆ ಇದರಿಂದ ಉಪಕಾರವಾಯಿತು. ಹಳ್ಳಿಯ ಕೂಲಿಕಾರನಿಗೆ ಅದು ಎಟುಕುವಂತಿರಲಿಲ್ಲ. 1991–92ರಲ್ಲಿ ಆರಂಭವಾದ ಆಶ್ರಯ ಯೋಜನೆಯು ಬೇರೊಂದು ಮಾರ್ಗವನ್ನು ಹಿಡಿಯಿತು. ಸರ್ಕಾರವು ಧನಸಹಾಯ ನೀಡುವುದು, ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳುವುದು ಎಂಬುದೇ ಅದರ ತತ್ತ್ವ. ಇಂಥ ಯೋಜನೆಗಳ ನಿರ್ವಹಣೆಗೆಂದು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು.

ಈ ಪದ್ಧತಿಯಲ್ಲಿ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಲಾಗುತ್ತದೆ. ತಳಪಾಯ, ಗೋಡೆ, ಛಾವಣಿ, ಪೂರ್ಣಗೊಂಡ ಮನೆ ಎಂಬ ಹಂತಗಳಿಗೆ ಅನುಗುಣವಾಗಿ ಹಣವು ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಹಣ ಪೋಲಾಗದಂತೆ ಇದು ತಡೆಯುತ್ತದೆ, ನಿಜ. ಆದರೆ ಕೆಲಸ ಮುಗಿದ ಮೇಲೆ ಕಂತು ಬರುವುದರಿಂದ, ಮೊದಲ ಕಲ್ಲನ್ನಿಡಲು ಕೈಯಲ್ಲಿ ಕಾಸಿಲ್ಲದವನು ಸಾಲಗಾರನ ಬಾಗಿಲಿಗೆ ಹೋಗಬೇಕಾಗುತ್ತದೆ. ಇದಕ್ಕಿಂತಲೂ ಮುಖ್ಯವಾದ ಅಂಶ ಮತ್ತೊಂದುಂಟು: ಮನೆಯನ್ನು ಕಟ್ಟಲು ತನ್ನದೆಂದು ತೋರಿಸಬಲ್ಲ ನಿವೇಶನವಿಲ್ಲದವನಿಗೆ ಈ ಸಹಾಯಧನವು ದೂರದ ಮಾತಾಗುತ್ತದೆ.

ಶಾಸನವು ಈ ತೊಡಕನ್ನು ಅರಿಯದೆ ಇರಲಿಲ್ಲ. ಪರರ ಜಮೀನಿನಲ್ಲಿ ವಾಸಿಸುವ ಕೃಷಿಕಾರ್ಮಿಕನಿಗೆ ಮನೆಯಡಿಯ ನೆಲದ ಒಡೆತನವನ್ನು ಭೂಸುಧಾರಣಾ ಶಾಸನದ 38ನೆಯ ಪ್ರಕರಣವು ಕಲ್ಪಿಸುತ್ತದೆ. ಆದರೂ ಲಂಬಾಣಿ ತಾಂಡಾ, ಹಾಡಿ, ಹಟ್ಟಿ ಮುಂತಾದ ಎಷ್ಟೋ ವಸತಿಗಳು ಕಂದಾಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. 2016–17ರ ತಿದ್ದುಪಡಿಯಿಂದ ಸೇರಿದ 38-ಎ ಪ್ರಕರಣವು ಇವರಿಗೂ ಹಕ್ಕಿನ ಮಾರ್ಗವನ್ನು ತೆರೆಯಿತು. 2023ರ ಜನವರಿ 19ರಂದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು.

ಆದಕಾರಣ ವಸತಿ ಯೋಜನೆಯನ್ನು ಕಟ್ಟಿದ ಮನೆಗಳ ಸಂಖ್ಯೆಯಿಂದ ಮಾತ್ರ ಅಳೆಯುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ಆಯವ್ಯಯ ಪತ್ರದೊಡನೆ ತಾಲ್ಲೂಕು ಕಚೇರಿಯ ಹಕ್ಕಿನ ದಾಖಲೆಗಳನ್ನೂ ಇಟ್ಟು ಓದಿದಾಗಲೇ, ಸಹಾಯವು ಯಾರನ್ನು ಮುಟ್ಟಿತು, ಯಾರನ್ನು ಮುಟ್ಟಲಿಲ್ಲ ಎಂಬುದು ಸ್ಪಷ್ಟವಾದೀತು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಕೈಗೊಳ್ಳಬಹುದಾದ ಸಂಶೋಧನೆಯಿದು.