ಗಾಳಿಬೋರೆ ನಿಸರ್ಗ ಶಿಬಿರ

ಗಾಳಿಬೋರೆ ನಿಸರ್ಗ ಶಿಬಿರವು ಕನಕಪುರ ತಾಲ್ಲೂಕಿನಲ್ಲಿ, ಉಯ್ಯಂಬಳ್ಳಿ ಹೋಬಳಿಯ ಸಂಗಮದಿಂದ ಸುಮಾರು 10 ಕಿ.ಮೀ. ಮೇಲ್ಭಾಗದಲ್ಲಿ, ಕಾವೇರಿ ನದಿಯ ದಡದಲ್ಲಿರುವ ವಿಹಾರ ತಾಣ. ಕರ್ನಾಟಕ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಇದನ್ನು ನಡೆಸುತ್ತದೆ. ಈ ಪ್ರದೇಶವಿರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ‘ಬೋರೆ’ ಎಂದರೆ ದಿಬ್ಬ ಅಥವಾ ಸಣ್ಣ ಗುಡ್ಡ.

ಪರಿಸರ

ಶಿಬಿರವು ಕಾವೇರಿ ವನ್ಯಜೀವಿ ಧಾಮದ ಪರಿಸರದಲ್ಲಿದೆ. 1987ರಲ್ಲಿ ಘೋಷಿತವಾದ ಈ ಧಾಮದ ಬಹುಭಾಗ ಕುರುಚಲು ಕಾಡು ಮತ್ತು ಎಲೆಯುದುರುವ ಒಣಕಾಡು. ನದಿಯ ಅಂಚಿನಲ್ಲಿ ಮಾತ್ರ ಹೊಳೆಮತ್ತಿಯಂತಹ ಎತ್ತರದ ಮರಗಳು ನೆರಳು ನೀಡುತ್ತವೆ. ಆನೆ, ಮೊಸಳೆ, ನೀರುನಾಯಿ ಹಾಗೂ ಅಪರೂಪದ ಬೂದು ದೈತ್ಯ ಅಳಿಲು ಇಲ್ಲಿನ ಮುಖ್ಯ ಪ್ರಾಣಿಗಳು.

ವಿಹಾರ

ಡೇರೆಯಲ್ಲಿ ವಾಸ, ಹರಿಗೋಲು ವಿಹಾರ, ಚಾರಣ ಮತ್ತು ಪಕ್ಷಿವೀಕ್ಷಣೆ ಇಲ್ಲಿನ ಪ್ರಮುಖ ಚಟುವಟಿಕೆಗಳು. ಹಿಂದೆ ಈ ಶಿಬಿರವೂ ಇದೇ ನದಿಯ ಭೀಮೇಶ್ವರಿ, ದೊಡ್ಡಮಾಕಳಿ ಶಿಬಿರಗಳೂ ಮಹಸೀರ್ ಮೀನಿನ ಗಾಳಕ್ಕೆ ಪ್ರಸಿದ್ಧವಾಗಿದ್ದವು. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣದಿಂದ ಧಾಮದೊಳಗಿನ ಗಾಳ ನಿಂತುಹೋಯಿತು. ಕಾವೇರಿ ಕೊಳ್ಳಕ್ಕೆ ಮಾತ್ರ ಸೀಮಿತವಾದ ಡುಬ್ಬದ ಮಹಸೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಪ್ರಭೇದವಾಗಿದೆ.

ಧಾರ್ಮಿಕ ಹಿನ್ನೆಲೆ

ಶಿಬಿರವು ಧಾರ್ಮಿಕ ಸಂಸ್ಥೆಯಲ್ಲ. ಇಲ್ಲಿ ಬೋಧನೆಯಾಗಲಿ ವ್ರತನಿಯಮವಾಗಲಿ ಇಲ್ಲ. ಆದರೆ ಅದು ನಿಂತಿರುವ ನದೀತೀರವು ಬಹುಕಾಲದಿಂದ ಭಕ್ತರ ದಾರಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಸಂಗಮೇಶ್ವರನ ಗುಡಿಯಿದ್ದು, ಯಾತ್ರಿಕರು ಪುಣ್ಯಸ್ನಾನ ಮಾಡುತ್ತಾರೆ. ಶಿವರಾತ್ರಿಯ ಸಮಯದಲ್ಲಿ ಕನಕಪುರ, ರಾಮನಗರ ಹಾಗೂ ಬೆಂಗಳೂರು ಕಡೆಯ ಭಕ್ತರು ಸಂಗಮದ ಬಳಿ ಹಗ್ಗದ ಆಸರೆಯಲ್ಲಿ ಕಾವೇರಿಯನ್ನು ದಾಟಿ, ಕಾಡುದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಮೇಲ್ಭಾಗದ ಮುತ್ತತ್ತಿಯಲ್ಲಿ, ಸೀತೆ ನದಿಯಲ್ಲಿ ಕಳೆದುಕೊಂಡ ಮೂಗುತಿಯನ್ನು ಆಂಜನೇಯನು ಬಾಲದಿಂದ ಹುಡುಕಿಕೊಟ್ಟನೆಂಬ ಐತಿಹ್ಯವಿದೆ. ಅಲ್ಲಿ ಅವನಿಗೆ ಮುತ್ತೆತ್ತರಾಯ ಎಂಬ ಹೆಸರು ಬಂದದ್ದು ಹೀಗೆ. ವಿಹಾರಕ್ಕೆ ಬಂದವರು ದಡದ ಮೌನದಲ್ಲಿ ಕಾಣುವ ನೆಮ್ಮದಿಯೂ ಯಾತ್ರಿಕರ ಭಕ್ತಿಯೂ ಒಂದೇ ನದಿಯನ್ನು ಅವಲಂಬಿಸಿವೆ.

ಸುರಕ್ಷತೆ

ಸಂಗಮದಿಂದ ಸುಮಾರು 4 ಕಿ.ಮೀ. ಕೆಳಗಿನ ಮೇಕೆದಾಟಿನಲ್ಲಿ ನದಿಯು ಕಿರಿದಾದ ಬಂಡೆಗಳ ಕಮರಿಯೊಳಗೆ ಭೋರ್ಗರೆಯುತ್ತದೆ. ಮೇಲೆ ಶಾಂತವಾಗಿ ಕಾಣುವ ಮಡುಗಳಲ್ಲಿಯೂ ಆಳವಾದ ಗುಂಡಿ ಮತ್ತು ಸುಳಿಗಳಿವೆ. ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹರಿವು ಬೇಗನೆ ಏರುತ್ತದೆ. ಸಂಗಮ, ಮೇಕೆದಾಟು ಮತ್ತು ಮುತ್ತತ್ತಿಗಳಲ್ಲಿ ಅನೇಕರು, ಅದರಲ್ಲೂ ಯುವಕರು, ಮುಳುಗಿ ಪ್ರಾಣ ಕಳೆದುಕೊಂಡಿದ್ದಾರೆ. ಈಜು ಬಲ್ಲವರಿಗೂ ಈ ಅಪಾಯ ತಪ್ಪಿದ್ದಲ್ಲ. ಜೀವರಕ್ಷಕ ಕವಚವಿಲ್ಲದೆ ಹರಿಗೋಲು ಏರಬಾರದು. ಸೂಚನಾಫಲಕವಿರುವ ಕಡೆ ನೀರಿಗೆ ಇಳಿಯಬಾರದು.

ಮೇಕೆದಾಟು ಯೋಜನೆ

ಇಲ್ಲಿ ಸುಮಾರು 67 ಟಿಎಂಸಿ ನೀರಿನ ಸಮತೋಲನ ಜಲಾಶಯ ಮತ್ತು 400 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆಯನ್ನು ಕರ್ನಾಟಕ ಸರ್ಕಾರವು ಪ್ರಸ್ತಾಪಿಸಿದೆ. ಬೆಂಗಳೂರಿಗೆ ಕುಡಿಯುವ ನೀರು ಒದಗಿಸುವುದು ಇದರ ಮುಖ್ಯ ಉದ್ದೇಶ. ತಮಿಳುನಾಡು ಯೋಜನೆಯನ್ನು ವಿರೋಧಿಸುತ್ತದೆ. ಯೋಜನೆಯು ಜಾರಿಯಾದರೆ ವನ್ಯಜೀವಿ ಧಾಮದ ವಿಸ್ತಾರವಾದ ಕಾಡು ಮುಳುಗಡೆಯಾಗುವುದರಿಂದ, ನಗರದ ನೀರಿನ ಅಗತ್ಯವನ್ನೂ ಈ ಕಣಿವೆಯ ಉಳಿವನ್ನೂ ಹೇಗೆ ಹೊಂದಿಸುವುದು ಎಂಬುದು ಚರ್ಚೆಯ ವಿಷಯವಾಗಿದೆ.