ಅಪ್ಪನ ಮುಖಕ್ಕೆ ಅಗಸಿ ಎಣ್ಣಿ

ಬೆಟಗೇರಿಯ ನಮ್ಮ ಮನೆಯ ಮಗ್ಗದಲ್ಲಿ ಇನ್ನು ಒಂದೇ ಸೀರೆ ಉಳಿದಿದೆ. ಅದು ಮುಗಿದರೆ ಅಪ್ಪ ಮಗ್ಗ ಬಿಚ್ಚುತ್ತಾರೆ. ಕಣ್ಣು ಮೊದಲಿನಂಗಿಲ್ಲ. ಅವರು ಮಗ್ಗದಲ್ಲಿ ಕೂತಿರುವಾಗಲೇ ಒಂದು ಭಾವಚಿತ್ರ ಮಾಡಬೇಕು ಅಂತ ಬೆಂಗಳೂರಿನಿಂದ ನಾಲ್ಕು ದಿನ ರಜೆ ಹಾಕಿ ಬಂದೆ.

ಮೊದಲ ದಿನ ಸಣ್ಣ ಬ್ರಷ್ ಹಿಡಿದು, ಮೊಬೈಲ್ ಫೋಟೋ ನೋಡಿ, ಒಂದೊಂದೇ ಸುಕ್ಕು ತಿದ್ದಿದೆ. ಸಂಜೆ ಅಪ್ಪ ನೋಡಿ, "ಚೊಲೊ ಐತಿ ತಮ್ಮಾ. ಆದ್ರ ಇಂವಾ ಫೋಟೋಕ್ಕ ಕುಂತಾನ, ನೇಯಾಕ ಕುಂತಿಲ್ಲ" ಅಂದರು. ಚುಚ್ಚಿತು. ಆದರೆ ನಿಜ.

ಹಸಿ ಬಣ್ಣ ಕೆರೆದುಬಿಟ್ಟೆ. ತೈಲವರ್ಣದ ಅನುಕೂಲವೇ ಇದು. ಅದರ ಎಣ್ಣೆ ಬೇರೇನಲ್ಲ, ನಾವು ರೊಟ್ಟಿಗೆ ಹಚ್ಚಿಕೊಳ್ಳೋ ಚಟ್ನಿಯ ಅಗಸಿಯದ್ದೇ. ನೀರಿನಂತೆ ಆವಿಯಾಗದೆ, ಗಾಳಿಯ ಆಮ್ಲಜನಕ ಹೀರಿ ನಿಧಾನ ಗಟ್ಟಿಯಾಗುತ್ತದೆ. ಹಾಗಾಗಿ ತಿದ್ದೋಕೆ ದಿನಗಟ್ಟಲೆ ಸಮಯ. (ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.)

ಈ ಕಲೆ ನಮ್ಮ ಕಡೆಗೆ ಹೊಸದಲ್ಲ. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾ ಮಂದಿರ ಕಟ್ಟಿದರು. ದಪ್ಪ ಬೀಸಿನ ಗುರು ಬೇಕಾದರೆ 17ನೇ ಶತಮಾನದ ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್‌ನ ಚಿತ್ರ ನೋಡಿ. ಹತ್ತಿರದಿಂದ ಬರೀ ಗೀಟು, ದೂರದಿಂದ ನಗುವ ಮುಖ.

ಎರಡನೇ ದಿನ ಫೋಟೋ ಬದಿಗಿಟ್ಟೆ. ಕ್ಯಾನ್ವಾಸಿಗೆ ಟರ್ಪಂಟೈನ್ ಬೆರೆಸಿದ ತೆಳು ಕಂದು ಬಳಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಸುಕ್ಕು ಮಾಯವಾಗಿ ಬೆಳಕು, ನೆರಳು, ನಡುವಿನ ಬಣ್ಣ, ಮೂರೇ ಉಳಿದವು. ಒಂದಿಂಚಿನ ಚಪ್ಪಟೆ ಬ್ರಷ್‌ನಲ್ಲಿ ಮೊದಲು ನೆರಳು ತೆಳುವಾಗಿ, ಮೇಲೆ ಬೆಳಕು ದಪ್ಪವಾಗಿ. ಆದರೂ ಕೆನ್ನೆಯ ಮೇಲೆ ಕೈ ಮತ್ತೆ ಮತ್ತೆ ಹೋಗುತ್ತಿತ್ತು, ಬಣ್ಣ ಕೆಸರಾಗುತ್ತಿತ್ತು.

ಮಗ್ಗದಿಂದಲೇ ಅಪ್ಪ ಅಂದರು: "ಲಾಳಿ ಒಮ್ಮೆ ಒಗದ್ರ ಮುಗೀತು. ನಡುವ ಅಳುಕಿದ್ರ ಎಳಿ ಹರೀತೈತಿ."

ಅಲ್ಲಿಂದ ಒಂದು ಬೀಸು, ಒಂದು ನಿರ್ಧಾರ. ಬ್ರಷ್ ತುಂಬ ಬಣ್ಣ, ಇಟ್ಟ ಮೇಲೆ ಮುಟ್ಟುವಂತಿಲ್ಲ. ಕಿವಿ ಬರೆಯಲೇ ಇಲ್ಲ, ನೆರಳಲ್ಲಿ ಕರಗಲು ಬಿಟ್ಟೆ. ಹಣೆಗೆ ಒಂದೇ ಬೆಳಕಿನ ಗೀಟು. ಕೈಗಳು ನಾಲ್ಕೈದು ಬೀಸಿನಲ್ಲಿ ಮುಗಿದವು.

ನಾಲ್ಕನೇ ದಿನ ಅಪ್ಪ ಕನ್ನಡಕ ತೆಗೆದು ದೂರ ನಿಂತು ನೋಡಿದರು. "ಮಾರಿ ಗೊತ್ತಿಲ್ಲಪಾ," ಅಂದರು, "ಕೈ ಮಾತ್ರ ನಂದ."

ಬಣ್ಣ ಇನ್ನೂ ಹಸಿ. ಚಿತ್ರ ಮಗ್ಗದ ಎದುರಿನ ಗೋಡೆಯಲ್ಲೇ ಇದೆ. ಅದು ಆರುವಷ್ಟರಲ್ಲಿ ಸೀರೆಯೂ ಮುಗಿದಿರುತ್ತದೆ.