ಊರಿನ ಕೊಲೆಗೆ ಊರವರೇ ಪತ್ತೇದಾರರು

ಅಜ್ಜೀಪುರ: ಬಸ್ಸಿನಿಂದ ಅಪರಿಚಿತನೊಬ್ಬ ಇಳಿದರೆ ‘ಯಾರ ಮನೆಗೆ ಬಂದಿರಿ?’ ಎಂಬ ಪ್ರಶ್ನೆ ಎದುರಾಗಲು ನಮ್ಮ ಕಡೆಯ ಊರುಗಳಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಈ ಕುತೂಹಲವನ್ನೇ ಬಂಡವಾಳವಾಗಿಸಿಕೊಂಡ ಕಾದಂಬರಿ ಪ್ರಕಾರವೊಂದು ಇಂಗ್ಲಿಷಿನಲ್ಲಿ ಬೆಳೆದಿದೆ. ಅದರ ಹೆಸರು ‘ಕೋಜಿ ಮಿಸ್ಟರಿ’.

ಇದರ ಕಟ್ಟುಪಾಡು ಸರಳ. ಎಲ್ಲರೂ ಎಲ್ಲರನ್ನೂ ಬಲ್ಲ ಚಿಕ್ಕ ಊರು. ಅಲ್ಲೊಂದು ಕೊಲೆ. ರಕ್ತಪಾತದ ವರ್ಣನೆ ಇರುವುದಿಲ್ಲ. ಗುಟ್ಟನ್ನು ಬಿಡಿಸುವವರು ಪೊಲೀಸರಲ್ಲ, ಅಂಗಡಿಯವರೋ ನಿವೃತ್ತ ಶಿಕ್ಷಕಿಯೋ ಆಗಿರುತ್ತಾರೆ. ಅಗಾಥಾ ಕ್ರಿಸ್ಟಿ 1927ರ ಸಣ್ಣಕಥೆಯೊಂದರಲ್ಲಿ ಪರಿಚಯಿಸಿದ ಮಿಸ್ ಮಾರ್ಪಲ್ ಎಂಬ ಅವಿವಾಹಿತ ವೃದ್ಧೆಯೇ ಇವರಿಗೆಲ್ಲ ಹಿರಿಯಕ್ಕ. ಊರ ಜನರ ನಡವಳಿಕೆಯನ್ನು ಬಲ್ಲೆನೆಂಬುದೊಂದೇ ಆಕೆಯ ಅಸ್ತ್ರ. ಕಡೆಗೆ ಅಪರಾಧಿ ಸಿಕ್ಕಿಬೀಳುತ್ತಾನೆ, ಊರು ಮತ್ತೆ ನೆಮ್ಮದಿಗೆ ಮರಳುತ್ತದೆ.

ಈ ಕಥೆಗಳ ಮೆಚ್ಚಿನ ಆಯುಧ ವಿಷ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿಗೆ ಅದರ ವಿವರ ಚೆನ್ನಾಗಿ ತಿಳಿದಿತ್ತು. ಆದರೆ ಹನೂರು ತಾಲೂಕಿನ ಓದುಗರು ವಿಷದ ಕಥೆಯನ್ನು ಹಗುರಾಗಿ ಓದುವುದು ಕಷ್ಟ. 2018ರ ಡಿಸೆಂಬರ್ 14ರಂದು ಇದೇ ತಾಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ಸೇವಿಸಿ 17 ಮಂದಿ ಅಸುನೀಗಿದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಆರೋಪ ಬಂದದ್ದು ಹೊರಗಿನವರ ಮೇಲಲ್ಲ, ದೇವಸ್ಥಾನದ ಆಡಳಿತಕ್ಕೆ ಹತ್ತಿರದವರ ಮೇಲೆಯೇ. ಆರೋಪಿಗಳ ಬಂಧನವಾದರೂ ಮನೆಯವರನ್ನು ಕಳೆದುಕೊಂಡವರ ಬದುಕು ಕಡೆಯ ಪುಟದ ಕಥೆಯಂತೆ ಸರಿಹೋಗಲಿಲ್ಲ.

ಕನ್ನಡದಲ್ಲಿ ಪತ್ತೇದಾರಿಗೆ ಕೊರತೆಯೇನೂ ಇಲ್ಲ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು (ನಿಧನ: 2011) ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಲಕ್ಷಾಂತರ ಜನರಿಗೆ ಓದಿನ ರುಚಿ ಹತ್ತಿಸಿದರು. ಆದರೆ ಅವರ ಪುರುಷೋತ್ತಮ ವೃತ್ತಿಯಿಂದಲೇ ಪತ್ತೇದಾರ, ಸಾಹಸಿ. ಪಕ್ಕದ ಮನೆಯ ಮುದುಕಿಯಂಥ ತನಿಖೆಗಾರರು ನಮ್ಮಲ್ಲಿ ವಿರಳ.

ಸಣ್ಣ ಊರಿನ ರಹಸ್ಯವನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಪೂರ್ಣಚಂದ್ರ ತೇಜಸ್ವಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಕೆಸರೂರೆಂಬ ಮಲೆನಾಡಿನ ಊರಿದೆ, ಏಲಕ್ಕಿ ಬೆಳೆಯ ಕುಸಿತವಿದೆ, ಜೋಗಿಹಾಳ್ ಎಂಬ ವಿಜ್ಞಾನಿಯ ಸಂಶಯಾಸ್ಪದ ಸಾವಿದೆ. ತನಿಖೆಗೆ ಬರುವ ಅಂಗಡಿ ಸರ್ಕಾರಿ ಅಧಿಕಾರಿ. ಆತನಿಗೆ ಸಿಗುವ ಸುಳಿವುಗಳಿಗಿಂತ ಊರಿನ ಗಾಳಿಮಾತುಗಳೇ ಹೆಚ್ಚು! ಮಿಸ್ ಮಾರ್ಪಲ್‌ಗೆ ದಾರಿ ತೋರುವ ಅದೇ ಹರಟೆ ಇಲ್ಲಿ ಜಾತಿ ಮತ್ತು ಕೋಮಿನ ದ್ವೇಷವನ್ನು ಕೆರಳಿಸುತ್ತದೆ. ಕ್ರಿಸ್ಟಿಯ ಓದುಗರು ನಿರೀಕ್ಷಿಸುವ ನೆಮ್ಮದಿಯ ಮುಕ್ತಾಯವನ್ನು ತೇಜಸ್ವಿ ಕೊಡುವುದಿಲ್ಲ. ಕಾದಂಬರಿ ಮುಗಿಯುವ ಹೊತ್ತಿಗೆ ಕೆಸರೂರನ್ನು ಬೆಂಕಿ ಸುತ್ತುವರಿದಿರುತ್ತದೆ.